ಕಾಲು, ದಾರಿ

ನಲವತ್ತೊಂಬತ್ತನೇ ಇಸವಿಯ ಕಾಗದ.
ಮೊಗ್ರಾಲಿನ ಅವ್ವಮ್ಮ ತಂದದ್ದು ಬಿಸ್ಕತ್ತಿನ ಡಬ್ಬದಲ್ಲಿ,
ಮುರಿದ ಅಲಿಕತ್ತೊಂದರ ಜೊತೆ.
"ಉಪ್ಪ ಬರೆಸಿದ್ದು. ಓದಲಿಕ್ಕೆ ನಮ್ಮಲ್ಲಿ ಯಾರಿಗೂ ಬರುವುದಿಲ್ಲ."
ಕನ್ನಡ. ಮೊಹರಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆ,
ಆಗ ನಾವೆಲ್ಲ ಅಲ್ಲಿಯವರು.
ಬರೆದವನಿಗೆ ಅವಸರ; ಅಕ್ಷರಗಳು
ಒಂದರ ಬಾಲ ಒಂದು ಹಿಡಿದು ಓಡುತ್ತವೆ.

ಮರುದಿನ ಇಂಗ್ಲಿಷಿನಲ್ಲಿ ಹಾಜರುಪಡಿಸಬೇಕು.
ರಾತ್ರಿ ಹನ್ನೊಂದು. ಕಣ್ಣು ಸೋತಿತ್ತು.
ಡಬ್ಬದಲ್ಲಿದ್ದದ್ದೆಲ್ಲ ಫೋಟೋ ತೆಗೆದೆ, ಯಂತ್ರಕ್ಕೆ ಉಣಿಸಿದೆ.
ನಾಲ್ಕು ನಿಮಿಷ. ಎಂಥ ಇಂಗ್ಲಿಷು!
ಇಸ್ತ್ರಿ ಹಾಕಿದ ಕಪ್ಪು ಕೋಟಿನ ಹಾಗೆ.
ಕೆಳಗೆ ನಾನೇ ಬರೆದೆ:
ಮೂಲವನ್ನು ಸ್ವತಃ ಓದಿ ಮಾಡಿದ ನಿಜ ತರ್ಜುಮೆ.
ಸಹಿ. ಎನ್‌ರೋಲ್‌ಮೆಂಟ್ ನಂಬರು.

ವಾದದ ಹಿಂದಿನ ರಾತ್ರಿ ಮೂಲ ತೆರೆದೆ.
ಎಂಟನೇ ಸಾಲಿನ ಕೊನೆಗೆ: ಬಾವಿಗೆ ಕಾಲು
ಅಲ್ಲಿ ಕಾಗದದ ಮಡಿಕೆ.
ಒಂಬತ್ತನೆಯದರ ಮೊದಲಿಗೆ: ದಾರಿ ಸಹಿತ.

ಯಂತ್ರ ಬರೆದಿತ್ತು:
ಬಾವಿಯಲ್ಲಿ ನಾಲ್ಕನೇ ಒಂದು ಪಾಲು, ದಾರಿ ಸಹಿತ.

ತಪ್ಪಿದ್ದೂ ನಮ್ಮ ಕಡೆಗೇ ತಪ್ಪಿದೆ.
ಎದುರು ವಕೀಲ ಪುರುಷೋತ್ತಮನ್ ತಲಶ್ಶೇರಿಯವರು.
ಜಡ್ಜಿ ಕೊಲ್ಲಂ. ಭಾಷಾಂತರಕಾರನ ಕುರ್ಚಿ
ಎರಡು ವರ್ಷದಿಂದ ಫೈಲು ಹೊರುತ್ತಿದೆ.
ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ.

ಇಷ್ಟು ಕಾಲ ಇದೇ ನನ್ನ ದೂರಾಗಿತ್ತು:
ಬೋರ್ಡಿನಲ್ಲಿಲ್ಲ, ಅರ್ಜಿಯಲ್ಲಿಲ್ಲ, ಕಚೇರಿಯಲ್ಲಿ ಬಲ್ಲವರಿಲ್ಲ,
ಮನವಿ, ಧರಣಿ, ಮತ್ತೆ ಮನವಿ.
ಬಲ್ಲವರಿಲ್ಲ ಎಂಬ ಅದೇ ದುಃಖ
ಆ ರಾತ್ರಿ ಸೌಕರ್ಯದ ವೇಷದಲ್ಲಿ ಬಂದು
ಪಕ್ಕದಲ್ಲಿ ಕೂತಿತು.
ಎಬ್ಬಿಸಲು ಬೆಳಗಾಯಿತು.

ಇನ್ನೊಂದುಂಟು, ಅದನ್ನೂ ಹೇಳಿಬಿಡುತ್ತೇನೆ.
ಡಬ್ಬದ ತಳದಲ್ಲಿ ಒಂದು ಚೀಟಿ ಇತ್ತು,
ತಂಗಿಗೆ ಕೊಡದೆ ಉಳಿದ ಪಾಲಿನದ್ದು.
"ಯಾರಿಗೂ ಹೇಳಬೇಡಿ" ಅಂದಿದ್ದರು ಅವ್ವಮ್ಮ.
ಅದರ ಫೋಟೋವೂ ಹೋಯಿತು.
ಯಾರಿಗೂ ಅಂದರೆ, ಯಂತ್ರ ಯಾರು?
ಅದರ ಕಪಾಟು ಯಾವ ಊರಿನಲ್ಲಿ,
ಕೀಲಿಕೈ ಯಾರ ಸೊಂಟದಲ್ಲಿ?
ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ವಿದ್ಯಾನಗರದ ಕೋರ್ಟು. ಕೇಸು ಕರೆದರು.
ನಿಂತೆ. ತರ್ಜುಮೆಯಲ್ಲಿ ತಪ್ಪುಂಟು ಅಂದೆ.
ತರ್ಜುಮೆ ನನ್ನದಲ್ಲ, ಸಹಿ ನನ್ನದು ಅಂದೆ.
ಬೆಂಚ್ ಕ್ಲರ್ಕಿನ ಪೆನ್ನು ನಿಂತಿತು.
ಚಿಲ್ಲರೆ ಹೆಚ್ಚು ಬಂತೆಂದು ತಿರುಗಿ ಬಂದವಳನ್ನು
ಅಂಗಡಿಯವ ನೋಡುವಂತೆ
ಪುರುಷೋತ್ತಮನ್ ನನ್ನನ್ನು ನೋಡಿದರು.
ಮಲಯಾಳದಲ್ಲೂ ಕಾಲೆಂದರೆ ಅವೇ ಎರಡು,
ಜಡ್ಜಿಗೆ ವಿವರಿಸಬೇಕಾಗಲಿಲ್ಲ.
"ಅಫಿಡವಿಟ್ ಹಾಕಿ. ನಿಮ್ಮ ಸರ್ಟಿಫಿಕೇಟಿನ ವಿಚಾರ
ಆಮೇಲೆ ನೋಡುವ."
ಆಮೇಲೆ ಎಂದರೆ ಎಂದು? ಹೇಳಲಿಲ್ಲ.

ಜಗಲಿಯಲ್ಲಿ ಅವ್ವಮ್ಮ ಎಲ್ಲ ಕೇಳಿದರು,
ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು.
"ಪಾಲು ನಾನು ಕೇಳಿದ್ದೆನಾ? ಬೇಲಿ ಹಾಕಿದ್ದಾರೆ,
ಉಮ್ಮ ಕೊಡ ಹೊತ್ತು ನಡೆದ ದಾರಿ, ಅದು ಬೇಕು."
ಆಮೇಲೆ ಕೇಳಿದರು:
"ಆ ಮೆಷೀನಿಗೆ ಕಾಲುಂಟಾ?"
"ಇಲ್ಲ."
"ಮತ್ತೆ ಅದರ ಹತ್ತಿರ ಯಾಕೆ ಕೇಳಿದ್ದು?"

ಬಿಲ್ಲಿನಲ್ಲಿ ತರ್ಜುಮೆಗೆಂದು ಎರಡು ಸಾವಿರ ಹಾಕಿದ್ದೆ.
ಆ ಸಾಲು ಹೊಡೆದುಹಾಕಿದೆ.
ರಾತ್ರಿ ಭೂತಗನ್ನಡಿ ಹಿಡಿದು ಕೂತೆ,
ಬೆರಳಿಟ್ಟು, ಶಾಲೆಯ ಹುಡುಗಿಯ ಹಾಗೆ.
ಮೂಡಕ್ಕೆ ಪುನರ್ಪುಳಿಯ ಮರ.
ತೆಂಕಕ್ಕೆ ತೋಡು.
ಪಡುವಕ್ಕೆ ಕುಂಞಪ್ಪ ಎಂಬವನ ಹಿತ್ತಿಲು.
ಬಡಗಕ್ಕೆ...

ಇಲ್ಲಿ ಮಸಿ ಹರಡಿದೆ.
ಯಂತ್ರ ಇಲ್ಲಿ, ತಡವರಿಸದೆ, ಸರ್ಕಾರಿ ರಸ್ತೆ ಎಂದಿತ್ತು.
ದೀಪದ ಹತ್ತಿರ ಹಿಡಿದೆ, ಓರೆ ಮಾಡಿದೆ,
ಹಿಂದಿನಿಂದಲೂ ನೋಡಿದೆ.
ಓದಲಾಗುವುದಿಲ್ಲ.
ಹಾಗೆಂದೇ ಬರೆದೆ.